ಎಂಟು ತುಂಡು, ನಾಲ್ಕು ಕಡ್ಡಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು,
ಅದರ ಹಿಂಗೋಡೆಗೆ ಒರಗಿ ನನ್ನ ಗಾಡಿ.
ಹದಿನೇಳು ವರ್ಷ ಫಿಲೇಚರಿನಲ್ಲಿ
ಕುದಿನೀರಿಗೆ ಕೈಯಿಟ್ಟು ಎಳೆ ಹುಡುಕಿದವಳು ನಾನು,
ಬೆರಳ ತುದಿಗೆ ಬಿಸಿ ಅಂದರೇನೆಂದು ಮರೆತುಹೋಗಿದೆ.
ಹಬೆಪಾತ್ರೆಯಿಂದ ಮೋಮೋ ಬರಿಗೈಲಿ ಎತ್ತುತ್ತೇನೆ.
ಕಂಡವರು "ಅಯ್ಯೋ ಪಿಳ್ಳಕ್ಕಾ" ಅನ್ನುತ್ತಾರೆ.
ಅನ್ನಲಿ. ಇಕ್ಕಳದ ಕಾಸು ಉಳಿಯಿತು.

ಪಾತ್ರೆ ಬಿಮಲನದು.
ಡಾರ್ಜಿಲಿಂಗ್ ಕಡೆಯ ಹುಡುಗ, ಬೈಪಾಸಿನ ಡಾಬಾದಲ್ಲಿ
ಎರಡು ಚಳಿಗಾಲ ಇದ್ದ. ಡಾಬಾ ಮುಚ್ಚಿತು.
ಬಸ್ಸಿಗೆ ದುಡ್ಡು ಕೇಳಿದ, ಬದಲಿಗೆ ಇದನ್ನು ಕೊಟ್ಟ,
ಜೊತೆಗೆ ಕೈಚಳಕ:
ಹಿಟ್ಟಿನ ಅಂಚು ಹೆಬ್ಬೆರಳಿಗೆ ಅಂಟಬಾರದು,
ನಿರಿಗೆ ಹದಿನೆಂಟು, ಕೊನೆಯದು ಒಳಗೆ ಹೋಗಬೇಕು.
"ದೀದಿ, ಸೀರೆ ಉಟ್ಟ ಹಾಗೆ" ಅಂದ.
ನನಗೇನೂ ಅದು ಸೀರೆ ಅನ್ನಿಸಲಿಲ್ಲ.
ಬೆಳ್ಳಗೆ, ಉದ್ದಕ್ಕೆ, ಹಬೆಯಲ್ಲಿ ಮಿರುಗುತ್ತ...
ನಮ್ಮೂರಿಗೆ ಬೇರೆ ಹೆಸರು ತೋಚಲೂ ಇಲ್ಲ:
"ಅಕ್ಕಾ, ಒಂದು ಪ್ಲೇಟ್ ಗೂಡು."
ಒಳಗಿರುವುದು ಕೋಳಿ ಅಂತ ಹುಡುಗರಿಗೆ ಗೊತ್ತು,
ಆದರೂ ಮೊದಲ ಸಲ ಕಚ್ಚುವಾಗ
ಕಣ್ಣು ಮುಚ್ಚುತ್ತಾರೆ.

ಪಕ್ಕದ ಬಾಣಲೆಯಲ್ಲಿ ಚಿಲ್ಲಿ ಚಿಕನ್.
ಚೀನಾದ್ದಂತೆ. ಯಾರು ಕಂಡರು?
ಸೋಯಾ ಸಾಸಿಗೆ ಬ್ಯಾಡಗಿ ಅರೆದು ಹಾಕುತ್ತೇನೆ,
ಇಳಿಸುವಾಗ ಒಂದು ಹಿಡಿ ಕರಿಬೇವು.
ಟೊಮೆಟೊ ಅಗ್ಗವಾದ ವಾರ ಚಟ್ನಿ ಗಟ್ಟಿ,
ತುಟ್ಟಿಯಾದ ವಾರ ಯಾರೂ ಬಾಯಿ ಬಿಡಕೂಡದು.

ಪ್ಲೇಟಿಗೆ ಎಂಟು ತುಂಡು.
ಎಂಟನ್ನೂ ಒಬ್ಬನೇ ತಿಂದದ್ದು ಒಂದೇ ಸಲ ಕಂಡಿದ್ದೇನೆ,
ಮದುವೆ ನಿಂತುಹೋದ ಅಂಜಿನಪ್ಪ.
ಅವತ್ತು ಆ ಕಡೆ ತಿರುಗಿ ಈರುಳ್ಳಿ ಹೆಚ್ಚಿದೆ.
ಮಿಕ್ಕವರೆಲ್ಲ ಒನ್ ಬೈ ಟೂ, ಒನ್ ಬೈ ಫೋರ್,
ಟ್ಯೂಷನ್ ಬಿಟ್ಟ ಹುಡುಗಿಯರು ಒನ್ ಬೈ ಸೆವೆನ್,
ಎಂಟನೆಯದಕ್ಕೆ ಕಿರುಚಾಟ.

ಗುರುವಾರ ನಾಲ್ವರು ಬರುತ್ತಾರೆ.
ಊರವರ ಗೂಡೆಲ್ಲ ಕೂಡಿಸಿ ತರುವ ಬೈರೆಡ್ಡಿ,
ಅದನ್ನು ಕೊಳ್ಳುವ ತಬ್ರೇಜ್:
ಬೆಳಿಗ್ಗೆ ಹರಾಜಿನಲ್ಲಿ ಕಿಲೋಗೆ ನಾಲ್ಕು ರೂಪಾಯಿಗಾಗಿ
ಒಬ್ಬರನ್ನೊಬ್ಬರು ಕಳ್ಳ ಅಂದವರು.
ಟೆಂಪೋದ ಶಿವಾನಂದ.
ಮೂಟೆ ಹೊರುವ ಮುನಿಶಾಮಿ. ಬೈರೆಡ್ಡಿಯ ಊರಿನವನೇ,
ಅಲ್ಲಿ ಜಗಲಿಯ ತುದಿಯಲ್ಲಿ ಅವನ ಲೋಟ ಬೇರೆ.

ಇಲ್ಲಿ ಪ್ಲೇಟು ಒಂದೇ.
ಹೇಗೆ ಅಂದರೆ, ಕಡ್ಡಿ.
ಹಲ್ಲುಕಡ್ಡಿ, ಪ್ಯಾಕೆಟ್ಟಿಗೆ ಹತ್ತು ರೂಪಾಯಿ.
ಚುಚ್ಚಿ ಎತ್ತಿದರೆ ಯಾರ ಬೆರಳೂ ಯಾರ ತುಂಡಿಗೂ ತಾಕದು,
ಎಂಜಲಿನ ಲೆಕ್ಕವೆಲ್ಲ
ಬೆರಳುದ್ದದ ಬಿದಿರಿನಲ್ಲಿ ಬಗೆಹರಿಯುತ್ತದೆ.
ಬೈರೆಡ್ಡಿ ಮೊದಲು ಚುಚ್ಚುತ್ತಾನೆ, ಮುನಿಶಾಮಿ ಕೊನೆಗೆ.
ಏಳಾದ ಮೇಲೆ ಕೈಗಳು ನಿಲ್ಲುತ್ತವೆ.
"ನೀ ತಗೋ." "ನನಗೆ ಸಾಕು." "ಖಾರ ಜಾಸ್ತಿ ಆಪಾ."
ಲೆಕ್ಕದಲ್ಲಿ ಅದು ಮುನಿಶಾಮಿಯದು.
ಎಂಟನೆಯ ತುಂಡು ತಣ್ಣಗಾಗಿ
ನನ್ನ ಹತ್ತಿರ ವಾಪಸು ಬರುತ್ತದೆ, ಎರಡು ವರ್ಷದಿಂದ.
ಮೋರಿ ಪಕ್ಕದ ಕಂದು ನಾಯಿಗೆ ಗುರುವಾರ ಗೊತ್ತು.

ಹೋದ ವಾರ ಕಡ್ಡಿ ಮುಗಿದಿತ್ತು.
ಶಾಲೆಯ ಮಾಡೆಲ್‌ಗೆ ಬೇಕೆಂದು
ಹುಡುಗಿಯರು ಬಾಚಿಕೊಂಡು ಹೋಗಿದ್ದರು.
ಪ್ಲೇಟು ಇಟ್ಟೆ. "ಕಡ್ಡಿ?" "ಇಲ್ಲ."
ಬೈರೆಡ್ಡಿ ಚಮಚ ಕೇಳಿದ. ಇರುವುದೊಂದು, ಉಪ್ಪಿನ ಡಬ್ಬಿಯದು.
ನಾಲ್ವರೂ ಪ್ಲೇಟನ್ನು ನೋಡಿದರು,
ಕೆರೆಗಿಳಿಯುವ ಮುಂಚೆ ಆಳ ನೋಡುವ ಹಾಗೆ.
ಮುನಿಶಾಮಿ ಹೆಜ್ಜೆ ಹಿಂದೆ ಸರಿದು
ಜೇಬಿನಲ್ಲಿ ಬೀಡಿ ಹುಡುಕಿದ.
ಅವನು ಬೀಡಿ ಸೇದುವವನಲ್ಲ.
ಅಷ್ಟರಲ್ಲಿ ಹಬೆಪಾತ್ರೆಯ ಮುಚ್ಚಳ ಕುಣಿಯಿತು, ಆ ಕಡೆ ಹೋದೆ.

ಬಂದು ನೋಡಿದರೆ ಪ್ಲೇಟು ಮಾತ್ರ ಇತ್ತು.
ಡಬ್ಬಿ "ಎಂಬತ್ತು ರೂಪಾಯಿ ಬಂದಿದೆ" ಅಂತ ಕೂಗಿತು.
ತುಂಡಿರಲಿ, ಈರುಳ್ಳಿಯ ಎಸಳೂ ಇಲ್ಲ.
ಕೆಂಪು ಸಾಸಿನ ತುಂಬ ಬೆರಳು ಎಳೆದ ಗೀರು,
ಒಂದನ್ನೊಂದು ದಾಟಿ, ಮತ್ತೆ ದಾಟಿ.
ಹದಿನೇಳು ವರ್ಷ ಎಳೆ ಬಿಡಿಸಿದ ನನಗೂ
ಯಾವುದು ಯಾರದೆಂದು ಬಿಡಿಸಲಾಗಲಿಲ್ಲ.
ಮೊದಲು ಕೈ ಹಾಕಿದವರು ಯಾರು? ನಾನು ಕಾಣಲಿಲ್ಲ.
ಕೇಳುವುದೂ ಇಲ್ಲ.
ನಾಯಿ ಬಹಳ ಹೊತ್ತು ನಿಂತಿತ್ತು, ಪಾಪ.

ಮರುದಿನ ಎರಡು ಪ್ಯಾಕೆಟ್ ಕಡ್ಡಿ ತಂದೆ. ವ್ಯಾಪಾರ ಅಲ್ಲವೇ.
ಸ್ಟವ್ ಕೆಳಗೆ, ಗೋಣಿಯ ಹಿಂದೆ ಇಟ್ಟಿದ್ದೇನೆ.
ಕೇಳಿದರೆ ಕೊಡುತ್ತೇನೆ.
ಇವತ್ತು ಗುರುವಾರ.